ಲಂಡನ್–ಬ್ರೈಟನ್ ಹಳೇ ಲಾರಿ ಓಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳ ಮೊದಲ ಭಾನುವಾರ ಇಂಗ್ಲೆಂಡ್‌ನಲ್ಲಿ ಹಳೇ ಲಾರಿ, ಬಸ್ಸು, ವ್ಯಾನು, ಫೈರ್ ಎಂಜಿನ್‌ಗಳು ಲಂಡನ್ ಕಡೆಯಿಂದ ಹೊರಟು ಬ್ರೈಟನ್ ಸಮುದ್ರ ತೀರಕ್ಕೆ ಬಂದು ಸೇರುತ್ತವೆ. ಇಲ್ಲಿ ನೆಲೆಸಿರುವ ಕನ್ನಡದವರು, ಊರಿಂದ ಬರುವ ಅವರ ಅಪ್ಪ ಅಮ್ಮಂದಿರು ಇದರ ಬಗ್ಗೆ ಕೇಳುವ ಪ್ರಶ್ನೆಗಳನ್ನು ಒಂದೆಡೆ ಸೇರಿಸಿದ್ದೇನೆ. ಹಳೇ ಕಾರಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಒಲವು ಲಾರಿ ಕಡೆಗೆ. ಉತ್ತರಗಳೂ ಅತ್ತಲೇ ವಾಲಿವೆ.

ಇದು ನವೆಂಬರ್‌ನಲ್ಲಿ ನಡೆಯುವ ಹಳೇ ಕಾರುಗಳ ಓಟವೇ ಅಲ್ವಾ?

ಅಲ್ಲ. ದಾರಿ ಹೆಚ್ಚುಕಡಿಮೆ ಅದೇ, ಮುಗಿಯುವ ಜಾಗವೂ ಅದೇ. ಹಾಗಾಗಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ನವೆಂಬರ್‌ನದು 1905ಕ್ಕಿಂತ ಮುಂಚಿನ ಕಾರುಗಳ ಓಟ. 1896ರಲ್ಲಿ ಮೋಟಾರು ಗಾಡಿಗಳ ವೇಗದ ಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದ ಖುಷಿಗೆ ಆಗಿನವರು ಬ್ರೈಟನ್‌ಗೆ ಗಾಡಿ ಓಡಿಸಿದ್ದರು. ಅದರ ನೆನಪಿಗೆ ನಡೆಯುವುದು ಅದು.

ಮೇ ತಿಂಗಳ ಓಟ ದುಡಿಯುವ ಗಾಡಿಗಳದ್ದು. ಹಿಸ್ಟಾರಿಕ್ ಕಮರ್ಷಿಯಲ್ ವೆಹಿಕಲ್ ಸೊಸೈಟಿ ಎಂಬ ಸಂಘ ಇದನ್ನು 1962ರಲ್ಲಿ ಶುರು ಮಾಡಿತು. ಸರಕು ಹೊತ್ತದ್ದು, ಜನರನ್ನು ಹೊತ್ತದ್ದು, ಹಾಲು ಹಂಚಿದ್ದು, ಬೆಂಕಿ ಆರಿಸಿದ್ದು, ಎಲ್ಲವೂ ಬರುತ್ತವೆ. ಇದು ರೇಸ್ ಅಲ್ಲ. ಮೊದಲು ಬಂದವರಿಗೆ ಏನೂ ಸಿಗುವುದಿಲ್ಲ. ಗಾಡಿ ಎಷ್ಟು ಚೆನ್ನಾಗಿ ಉಳಿದಿದೆ, ಎಷ್ಟು ಚೆನ್ನಾಗಿ ಸರಿಪಡಿಸಿದ್ದಾರೆ ಎಂದು ನೋಡಿ ಬಹುಮಾನ ಕೊಡುತ್ತಾರೆ.

ಎಲ್ಲಿ ನಿಂತು ನೋಡಬೇಕು? ಎಷ್ಟು ಹೊತ್ತಿಗೆ ಹೋಗಬೇಕು?

ಬ್ರೈಟನ್‌ನ ಮಡೀರಾ ಡ್ರೈವ್. ಪ್ಯಾಲೆಸ್ ಪಿಯರ್‌ನಿಂದ ಪೂರ್ವಕ್ಕೆ, ಸಮುದ್ರದ ಪಕ್ಕದಲ್ಲೇ ಇರುವ ಉದ್ದನೆಯ ರಸ್ತೆ. ಗಾಡಿಗಳು ಬೆಳಗಿನ ಹೊತ್ತು ಒಂದೊಂದಾಗಿ ಬಂದು ಸಾಲಾಗಿ ನಿಲ್ಲುತ್ತವೆ. ಮಧ್ಯಾಹ್ನಕ್ಕೆ ರಸ್ತೆ ತುಂಬಿರುತ್ತದೆ.

ಎಲ್ಲ ನಿಂತ ಮೇಲೆ ಹೋದರೆ ಅರ್ಧ ಮಜಾ ಹೋಯಿತು ಎಂದೇ ನನ್ನ ಅಭಿಪ್ರಾಯ. ಲಾರಿ ಬರುವುದನ್ನು ನೋಡಬೇಕು, ಕೇಳಬೇಕು. ಗೇರು ಇಳಿಸುವಾಗ ಡ್ರೈವರು ಕ್ಲಚ್ಚನ್ನು ಎರಡು ಸಲ ತುಳಿಯುತ್ತಾನೆ, ನಡುವೆ ಒಮ್ಮೆ ಆಕ್ಸಿಲರೇಟರ್ ಒತ್ತುತ್ತಾನೆ. ಎಂಜಿನ್ ಕೂಗು ಹೇಗೆ ಏರಿ ಕೂರುತ್ತದೆ ಎಂದು ಕಿವಿಗೊಟ್ಟರೆ ಅವನು ಪಳಗಿದವನೋ ಹೊಸಬನೋ ಗೊತ್ತಾಗಿಬಿಡುತ್ತದೆ. ಬೆಳಿಗ್ಗೆ ಹತ್ತರ ಒಳಗೆ ಅಲ್ಲಿರಿ.

ಇನ್ನೊಂದು ಜಾಗ ಹೇಳುತ್ತೇನೆ. ಮಡೀರಾ ಡ್ರೈವ್‌ನ ಮೇಲ್ಗಡೆ, ಗೋಡೆಯ ನೆತ್ತಿಯಲ್ಲಿ ಮರೀನ್ ಪರೇಡ್ ರಸ್ತೆ ಇದೆ. ಅಲ್ಲಿಂದ ಬಗ್ಗಿ ನೋಡಿದರೆ ಲಾರಿಗಳ ನೆತ್ತಿ ಕಾಣುತ್ತದೆ. ಟಾರ್ಪಾಲು ಹೇಗೆ ಕಟ್ಟಿದ್ದಾರೆ, ಹಗ್ಗದ ಗಂಟು ಹೇಗಿದೆ, ಬಾಡಿಯ ಹಲಗೆ ಹೇಗೆ ಜೋಡಿಸಿದ್ದಾರೆ, ಎಲ್ಲ ಮೇಲಿಂದಲೇ ಚೆಂದ.

ಹೊರಡುವ ಜಾಗದಲ್ಲೂ ನೋಡಬಹುದು. ಹಲವು ವರ್ಷ ದಕ್ಷಿಣ ಲಂಡನ್‌ನ ಕ್ರಿಸ್ಟಲ್ ಪ್ಯಾಲೆಸ್ ಪಾರ್ಕ್‌ನಿಂದ ಹೊರಟಿದ್ದಾರೆ. ಆ ವರ್ಷದ ಪ್ರಕಟಣೆ ನೋಡಿಕೊಂಡು ಹೋಗಿ. ಬೇಗ ಏಳಬೇಕು, ಅದೊಂದೇ ಕಷ್ಟ.

ಟಿಕೆಟ್ ಎಷ್ಟು?

ತೀರದಲ್ಲಿ ನಿಂತು ನೋಡಲು ದುಡ್ಡು ಕೊಡಬೇಕಿಲ್ಲ.

ಕಾರಿನಲ್ಲಿ ಹೋಗೋದಾ, ರೈಲಿನಲ್ಲಾ?

ರೈಲೇ ಸರಿ. ಲಂಡನ್ ವಿಕ್ಟೋರಿಯಾದಿಂದ ಸುಮಾರು ಒಂದು ಗಂಟೆ. ಸ್ಟೇಷನ್‌ನಿಂದ ಸಮುದ್ರಕ್ಕೆ ನೇರ ಇಳಿಜಾರು, ಕಾಲು ಗಂಟೆ ನಡಿಗೆ. ಭಾನುವಾರ ಹಳಿ ರಿಪೇರಿ ಅಂತ ರೈಲಿನ ಬದಲು ಬಸ್ ಹಾಕುವುದು ಇಲ್ಲಿ ಮಾಮೂಲು, ಹಿಂದಿನ ದಿನವೇ ನೋಡಿಕೊಳ್ಳಿ. ಕಾರಿನಲ್ಲಿ ಹೋದರೆ ಎ23 ರಸ್ತೆಯಲ್ಲಿ ಯಾವುದೋ 1930ರ ಲಾರಿಯ ಹಿಂದೆ ಸಿಕ್ಕಿಕೊಳ್ಳುತ್ತೀರಿ. ಕೆಲವರಿಗೆ ಅದೇ ಬೇಕು, ಅವರು ಕಾರಿನಲ್ಲೇ ಹೋಗಲಿ. ಬ್ರೈಟನ್‌ನಲ್ಲಿ ಪಾರ್ಕಿಂಗ್ ಮಾತ್ರ ತುಂಬಾ ದುಬಾರಿ.

ಊರಿಂದ ಬಂದಿರುವ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಅವರನ್ನೇ ಮೊದಲು ಕರೆದುಕೊಂಡು ಹೋಗಿ. ಐವತ್ತು ಅರವತ್ತು ವರ್ಷದ ಹಿಂದೆ ಕರ್ನಾಟಕದ ರಸ್ತೆಯಲ್ಲಿ ಓಡಾಡಿದವರಿಗೆ ಇಲ್ಲಿ ಗುರುತಿನ ಮುಖಗಳು ಸಿಗುತ್ತವೆ. ಬೆಡ್‌ಫೋರ್ಡ್, ಲೇಲ್ಯಾಂಡ್ ಕಾಮೆಟ್. ಹಿಂದೂಸ್ತಾನ್ ಮೋಟಾರ್ಸ್‌ನವರು ಬೆಡ್‌ಫೋರ್ಡ್ ಲಾರಿಯನ್ನು ನಮ್ಮಲ್ಲೇ ಮಾಡುತ್ತಿದ್ದರು. ಬಾಗಿಲ ಮೇಲೆ ಕೈ ಇಟ್ಟು ಮಾತು ಶುರು ಮಾಡಿದರೆ ನಿಲ್ಲಿಸುವುದು ನಿಮಗೇ ಕಷ್ಟವಾದೀತು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು ಆ ಗ್ಯಾಸ್‌ನಲ್ಲೇ ಗಾಡಿ ಓಡಿಸಿದ ಕತೆ ಅವರ ಅಪ್ಪಂದಿರು ಹೇಳಿರುತ್ತಾರೆ. ಇಂಗ್ಲೆಂಡ್‌ನಲ್ಲೂ ಆಗ ಅದೇ ಪಾಡು.

ಎರಡು ಎಚ್ಚರಿಕೆ. ಮೇ ತಿಂಗಳಾದರೂ ಸಮುದ್ರದ ಗಾಳಿ ಕೊರೆಯುತ್ತದೆ. ಸ್ವೆಟರ್, ಮಫ್ಲರ್, ಎರಡೂ ಇರಲಿ. ಮತ್ತೆ, ಮರೀನ್ ಪರೇಡ್‌ನಿಂದ ಕೆಳಗೆ ಇಳಿಯಲು ಮೆಟ್ಟಿಲು ಜಾಸ್ತಿ. ಮಂಡಿ ನೋವಿದ್ದವರನ್ನು ಪಿಯರ್ ಕಡೆಯಿಂದ ಕರೆತನ್ನಿ, ಅಲ್ಲಿ ರಸ್ತೆ ಸಮನಾಗಿದೆ.

ನನಗೆ ಲಾರಿ ಬಗ್ಗೆ ಏನೂ ಗೊತ್ತಿಲ್ಲ. ಏನನ್ನು ನೋಡಬೇಕು?

ಎಲ್ಲರೂ ಮುಂದೆ ನಿಂತು ರೇಡಿಯೇಟರ್‌ನ ಫೋಟೋ ತೆಗೆಯುತ್ತಾರೆ. ನೀವು ಪಕ್ಕಕ್ಕೆ ಹೋಗಿ, ಆಮೇಲೆ ಹಿಂದಕ್ಕೆ ಹೋಗಿ. ಲಾರಿಯ ಜಾತಕ ಇರುವುದು ಅಲ್ಲಿ.

ಪಕ್ಕದಲ್ಲಿ, ಚಾಸಿಯ (ಲಾರಿಯ ಅಡಿಯ ಉಕ್ಕಿನ ಚೌಕಟ್ಟು) ಹತ್ತಿರ ಅಥವಾ ಬಾಗಿಲ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಅಂಕಿ ಬರೆದಿರುತ್ತದೆ. ಉದಾಹರಣೆಗೆ 3-15-2. ಅದು ಲಾರಿಯ ಖಾಲಿ ತೂಕ. 3 ಟನ್, 15 ಹಂಡ್ರೆಡ್‌ವೆಯ್ಟ್, 2 ಕ್ವಾರ್ಟರ್. ಒಂದು ಹಂಡ್ರೆಡ್‌ವೆಯ್ಟ್ ಅಂದರೆ 112 ಪೌಂಡು, ಹತ್ತಿರ ಹತ್ತಿರ 51 ಕಿಲೋ. ಕ್ವಾರ್ಟರ್ ಅದರ ಕಾಲು ಭಾಗ. ಅಂಥ 20 ಹಂಡ್ರೆಡ್‌ವೆಯ್ಟ್ ಸೇರಿದರೆ ಅವರ ಒಂದು ಟನ್. ಈ ಅಂಕಿಯನ್ನು ಸುಮ್ನೆ ಬರೆದದ್ದಲ್ಲ. ತೆರಿಗೆಯೂ ವೇಗದ ಮಿತಿಯೂ ಇದರ ಮೇಲೇ ನಿಂತಿತ್ತು.

ಹಿಂದೆ ಹೋದರೆ ದೊಡ್ಡ ಲಾರಿಗಳಲ್ಲಿ ಬಿಳಿ ಬಿಲ್ಲೆಯ ಮೇಲೆ 20 ಎಂಬ ಅಂಕಿ ಕಾಣುತ್ತದೆ. ಈ ಗಾಡಿ ಗಂಟೆಗೆ 20 ಮೈಲಿಗಿಂತ ಜೋರಾಗಿ ಹೋಗುವಂತಿಲ್ಲ ಅಂತ. ನಮ್ಮ ಲೆಕ್ಕದಲ್ಲಿ 32 ಕಿಲೋಮೀಟರ್. ಭಾರಿ ಲಾರಿಗಳಿಗೆ ಇದನ್ನು 30 ಮೈಲಿಗೆ ಏರಿಸಿದ್ದು 1957ರಲ್ಲಿ. ಅಲ್ಲಿಯವರೆಗೆ ಲಂಡನ್‌ನಿಂದ ಸ್ಕಾಟ್‌ಲ್ಯಾಂಡ್‌ಗೆ ಲೋಡು ಹೊತ್ತ ಡ್ರೈವರುಗಳೂ ಕಾನೂನಿನ ಪ್ರಕಾರ ಇದೇ ವೇಗದಲ್ಲಿ ಹೋಗಬೇಕಿತ್ತು. ಪ್ರಕಾರ ಅಂದೆ, ಪಾಲಿಸಿದರು ಅನ್ನಲಿಲ್ಲ.

ಆಮೇಲೆ ಬಾಗಿಲು. ಮಾಲೀಕನ ಹೆಸರು, ಊರು, ಟೆಲಿಫೋನ್ ನಂಬರು. ನಂಬರು ಬರೀ ಎರಡೋ ಮೂರೋ ಅಂಕಿ ಇದ್ದರೆ ಆ ಊರಿನಲ್ಲಿ ಆಗ ಎಷ್ಟು ಫೋನ್ ಇದ್ದವು ಎಂದು ಊಹಿಸಿಕೊಳ್ಳಿ. ಅಕ್ಷರಗಳನ್ನು ಕುಂಚದಲ್ಲಿ ಕೈಯಿಂದಲೇ ಬರೆದಿರುತ್ತಾರೆ. ಹತ್ತಿರದಿಂದ ನೋಡಿದರೆ ಕುಂಚ ಎಲ್ಲಿ ಒತ್ತಿದೆ, ಎಲ್ಲಿ ಎತ್ತಿದೆ ಎಂಬುದು ಬಣ್ಣದ ದಪ್ಪದಲ್ಲೇ ಕಾಣುತ್ತದೆ. ಒಂದು ಬದಿಗೆ ನೆರಳು ಹಾಕಿ, ಅಂಚಿಗೆ ಸಣ್ಣ ಗೆರೆ ಎಳೆದು, ಮೂಲೆಯಲ್ಲಿ ಬಳ್ಳಿ ಬಿಟ್ಟಿರುತ್ತಾರೆ. ನಮ್ಮ ಲಾರಿ ಪೇಂಟರುಗಳ ಕೈ ನೋಡಿದವರಿಗೆ ಈ ಕೆಲಸ ಹೊಸದಲ್ಲ. ಇವರದ್ದು ಸ್ವಲ್ಪ ಗಂಭೀರ. ಹುಲಿ, ನವಿಲು, ಕಮಲ, ದೇವರ ಹೆಸರು, ಕಣ್ಣಿಟ್ಟವರಿಗೆ ಬೈಗುಳ, ಇದೆಲ್ಲ ಇಲ್ಲ. ನನಗೆ ಕೇಳಿದರೆ ಅಷ್ಟರ ಮಟ್ಟಿಗೆ ಇವರದ್ದು ಸಪ್ಪೆ.

ಯಾವ ಯಾವ ಕಂಪನಿಯ ಲಾರಿ ಇರುತ್ತವೆ?

ಪಟ್ಟಿ ಮಾಡಿದರೆ ಮುಗಿಯುವುದಿಲ್ಲ. ಒಂದು ಕಾಲದಲ್ಲಿ ಬ್ರಿಟನ್‌ನ ಊರೂರಲ್ಲಿ ಲಾರಿ ಮಾಡುತ್ತಿದ್ದರು. ಲೇಲ್ಯಾಂಡ್ ಊರಲ್ಲಿ ಲೇಲ್ಯಾಂಡ್, ಬೇಸಿಂಗ್‌ಸ್ಟೋಕ್‌ನಲ್ಲಿ ಥಾರ್ನಿಕ್ರಾಫ್ಟ್, ವಾಟ್‌ಫರ್ಡ್‌ನಲ್ಲಿ ಸ್ಕ್ಯಾಮೆಲ್, ಸೌತಾಲ್‌ನಲ್ಲಿ ಎಇಸಿ, ಗಿಲ್ಡ್‌ಫರ್ಡ್‌ನಲ್ಲಿ ಡೆನಿಸ್, ಗ್ಲಾಸ್ಗೋದಲ್ಲಿ ಆಲ್ಬಿಯನ್. ಸೌತಾಲ್ ಅಂದರೆ ಈಗ ನಮಗೆಲ್ಲ ಪಂಜಾಬಿ ಅಂಗಡಿ, ಜಿಲೇಬಿ. ಆಗ ಅಲ್ಲಿ ಲಂಡನ್ನಿನ ಡಬಲ್ ಡೆಕ್ಕರ್‌ಗಳಿಗೆ ಚಾಸಿ ತಯಾರಾಗುತ್ತಿತ್ತು.

ಲೇಲ್ಯಾಂಡ್‌ನವರಿಗೆ ಪ್ರಾಣಿಗಳ ಹುಚ್ಚು. ಲಿಂಕ್ಸ್, ಬೀವರ್, ಬೈಸನ್, ಬಫೆಲೊ, ಹಿಪ್ಪೊ, ಆಕ್ಟೋಪಸ್. ಎಂಟು ಚಕ್ರದ ಲಾರಿಗೆ ಆಕ್ಟೋಪಸ್ ಎಂದು ಹೆಸರಿಟ್ಟವನಿಗೆ ಸಂಬಳ ಜಾಸ್ತಿ ಮಾಡಿರಬೇಕು.

ನನಗೆ ಬಹಳ ಇಷ್ಟವಾದ ಕತೆ ಫೋಡನ್ ಮನೆತನದ್ದು. ಚೆಷರ್‌ನ ಸ್ಯಾಂಡ್‌ಬಾಚ್ ಊರಿನವರು. ಉಗಿ ಲಾರಿಯಲ್ಲಿ ದೊಡ್ಡ ಹೆಸರು ಮಾಡಿದ್ದರು. 1930ರ ಹೊತ್ತಿಗೆ ಆ ಮನೆಯ ಎಡ್ವಿನ್ ರಿಚರ್ಡ್ ಫೋಡನ್‌ಗೆ ಇನ್ನು ಉಗಿಯ ಕಾಲ ಮುಗಿಯಿತು, ಡೀಸೆಲ್ ಕಡೆ ಹೋಗಬೇಕು ಅನಿಸಿತು. ಕಂಪನಿಯ ಒಳಗೆ ಒಮ್ಮತ ಬರಲಿಲ್ಲ. ಅರವತ್ತು ದಾಟಿದ ಮನುಷ್ಯ ಹೊರಗೆ ಬಂದು, ತನ್ನ ಹೆಸರಿನ ಮೊದಲ ಅಕ್ಷರಗಳನ್ನೇ ಇಟ್ಟು ಇಆರ್‌ಎಫ್ ಎಂಬ ಲಾರಿ ಶುರು ಮಾಡಿದ. ಅದು 1933. ಅದೇ ವರ್ಷ ಬಂದ ಹೊಸ ಕಾನೂನು ತೂಕದ ಮೇಲೆ ತೆರಿಗೆ ಏರಿಸಿತು. ಬಾಯ್ಲರು, ನೀರು, ಕಲ್ಲಿದ್ದಲು ಹೊತ್ತ ಉಗಿ ಲಾರಿಗೆ ಅದು ಮರಣಶಾಸನವೇ ಆಯಿತು. ಆಮೇಲೆ ಫೋಡನ್‌ನವರೂ ಡೀಸೆಲ್‌ಗೆ ಬಂದರು. ಎರಡೂ ಕಂಪನಿ ಒಂದೇ ಊರಿನಲ್ಲಿ ದಶಕಗಳ ಕಾಲ ಪೈಪೋಟಿ ನಡೆಸಿದವು. ಈಗ ಎರಡೂ ಇಲ್ಲ. ಫೋಡನ್ ಹೆಸರಿನ ಬ್ರಾಸ್ ಬ್ಯಾಂಡ್ ಮಾತ್ರ ಇದೆ. 1900ರಲ್ಲಿ ಹುಟ್ಟಿದ್ದು, ಇವತ್ತಿಗೂ ಊದುತ್ತಿದ್ದಾರೆ.

ಮಡೀರಾ ಡ್ರೈವ್‌ನಲ್ಲಿ ಫೋಡನ್, ಇಆರ್‌ಎಫ್ ಅಕ್ಕಪಕ್ಕ ನಿಂತಿದ್ದರೆ ಈ ಕತೆ ನೆನಪಿಸಿಕೊಳ್ಳಿ. ಎರಡರ ಒಳಗೂ ಬಹುಪಾಲು ಒಂದೇ ಎಂಜಿನ್ ಇರುತ್ತದೆ.

ಯಾವ ಎಂಜಿನ್?

ಗಾರ್ಡ್ನರ್. ಮ್ಯಾಂಚೆಸ್ಟರ್ ಹತ್ತಿರದ ಪ್ಯಾಟ್ರಿಕ್ರಾಫ್ಟ್‌ನಲ್ಲಿ ಮಾಡುತ್ತಿದ್ದರು. ಅವರ 6ಎಲ್‌ಡಬ್ಲ್ಯು ಎಂಜಿನ್ 8.4 ಲೀಟರಿನದು, ಆರು ಸಿಲಿಂಡರ್, ನಿಮಿಷಕ್ಕೆ 1700 ಸುತ್ತಿನಲ್ಲಿ 102 ಅಶ್ವಶಕ್ತಿ. ಈಗಿನ ಸಣ್ಣ ಕಾರಿಗೂ ಅಷ್ಟು ಶಕ್ತಿ ಇರುತ್ತದೆ. ಅಷ್ಟರಲ್ಲೇ 22 ಟನ್ ತೂಗುವ ಎಂಟು ಚಕ್ರದ ಲಾರಿಯನ್ನು ಎಳೆಸಿದರು. ಗುಡ್ಡ ಹತ್ತುವಾಗ ನಡೆದು ಹೋಗುವವರು ಲಾರಿಯನ್ನು ಹಿಂದೆ ಹಾಕುತ್ತಿದ್ದರೇನೋ! ಆದರೆ ಕೆಡುತ್ತಿರಲಿಲ್ಲ, ಡೀಸೆಲ್ ಬಹಳ ಕಡಿಮೆ ಕುಡಿಯುತ್ತಿತ್ತು. ಅದಕ್ಕೇ ಮಾಲೀಕರು ತಿಂಗಳುಗಟ್ಟಲೆ ಕಾದು ಕೊಳ್ಳುತ್ತಿದ್ದರು.

ಗಾಡಿ ನಿಂತು ಎಂಜಿನ್ ಚಾಲೂ ಇರುವಾಗ ಪಕ್ಕದಲ್ಲಿ ಹೋಗಿ ನಿಲ್ಲಿ. ಹಳ್ಳಿಯ ಹಿಟ್ಟಿನ ಗಿರಣಿಯ ಹಾಗೆ ಒಂದೊಂದೇ ಏಟು ಕೇಳಿಸುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಕಾಮರ್ ಲಾರಿಯ ಟಿಎಸ್3 ಎಂಜಿನ್. 1954ರಲ್ಲಿ ಬಂತು. ಸಿಲಿಂಡರ್ ಮೂರು, ಪಿಸ್ಟನ್ ಆರು! ಸಿಲಿಂಡರ್ ಅಡ್ಡ ಮಲಗಿರುತ್ತದೆ. ಒಂದೊಂದರಲ್ಲೂ ಎರಡೂ ತುದಿಯಿಂದ ಎರಡು ಪಿಸ್ಟನ್ ಎದುರುಬದುರು ಬಂದು ನಡುವೆ ಗಾಳಿಯನ್ನು ಅಮುಕುತ್ತವೆ. ಆ ಬಿಸಿಗೆ ಡೀಸೆಲ್ ಹೊತ್ತಿಕೊಂಡು ಎರಡನ್ನೂ ಹೊರಗೆ ತಳ್ಳುತ್ತದೆ. ಎರಡೂ ಕಡೆಯ ಬಲ ಸನ್ನೆಕೋಲುಗಳ ಮೂಲಕ ಕೆಳಗಿರುವ ಒಂದೇ ಕ್ರ್ಯಾಂಕ್‌ಗೆ, ಅಂದರೆ ತಿರುಗುವ ದಂಡಕ್ಕೆ, ಹೋಗುತ್ತದೆ. ಟೂ ಸ್ಟ್ರೋಕ್ ಬೇರೆ. ಬರೀ 3.26 ಲೀಟರಿನಲ್ಲಿ 105 ಅಶ್ವಶಕ್ತಿ. ಸದ್ದು ಮಾತ್ರ ಕಿವಿ ಹರಿಯುತ್ತದೆ. ಇಲ್ಲಿನವರು ಇದನ್ನು ಕಾಮರ್ ನಾಕರ್ ಎನ್ನುತ್ತಾರೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಸುತ್ತಲಿನವರೆಲ್ಲ ಮಾತು ನಿಲ್ಲಿಸುತ್ತಾರೆ, ಬೇರೆ ದಾರಿ ಇಲ್ಲ. ಅಂಥದೊಂದು ಬಂದಿದ್ದರೆ ಹೊರಡುವ ಹೊತ್ತಿಗೆ ಅದರ ಹತ್ತಿರವೇ ಇರಿ.

ಉಗಿ ಲಾರಿ ಅಂದರೆ ನಿಜವಾಗಿ ಕಲ್ಲಿದ್ದಲು ಹಾಕಿ ಓಡಿಸುವುದಾ?

ಹೌದು. ರೈಲು ಎಂಜಿನ್ ಮಾತ್ರ ಉಗಿಯಲ್ಲಿ ಓಡುತ್ತದೆ ಎಂದುಕೊಂಡವರಿಗೆ ಇದು ಅಚ್ಚರಿ. ಶ್ರೂಸ್‌ಬರಿಯ ಸೆಂಟಿನೆಲ್, ಮೇಲೆ ಹೇಳಿದ ಫೋಡನ್, ಇವೆರಡು ದೊಡ್ಡ ಹೆಸರು. ಫೋಡನ್‌ಗೆ ಮುಂದೆ ಉದ್ದ ಬಾಯ್ಲರ್, ಚಿಮಣಿ. ಸೆಂಟಿನೆಲ್ ನೋಡಲು ಮಾಮೂಲಿ ಲಾರಿಯ ಹಾಗೇ ಇರುತ್ತದೆ. ಬಾಯ್ಲರ್ ಕ್ಯಾಬಿನ್ ಒಳಗೆ, ಎಂಜಿನ್ ಚಾಸಿಯ ಕೆಳಗೆ.

ಬೆಳಿಗ್ಗೆ ಬೆಂಕಿ ಹಾಕಿ ಉಗಿ ಏರುವವರೆಗೆ ಕಾಯಬೇಕು. ದಾರಿಯಲ್ಲಿ ನೀರು ತುಂಬಿಸಿಕೊಳ್ಳಬೇಕು. ಇಷ್ಟೆಲ್ಲ ರಗಳೆ ಇದ್ದರೂ ಹೊರಟಾಗ ಸದ್ದೇ ಇಲ್ಲ. ಗೇರಿನ ಕರಕರ ಇಲ್ಲ, ಎಂಜಿನ್ ಕೂಗಿಲ್ಲ. ಇಷ್ಟು ದೊಡ್ಡ ಗಾಡಿ ಬರೀ ಉಸಿರು ಬಿಡುತ್ತಾ ಪಕ್ಕದಲ್ಲಿ ಹಾದುಹೋಗುತ್ತದೆ. ಮಕ್ಕಳ ಕೈ ಹಿಡಿದುಕೊಳ್ಳಿ ಎಂದು ಹೇಳುವುದೂ ಅದಕ್ಕೇ. ಉಗಿ ಗಾಡಿ ಎಲ್ಲ ವರ್ಷವೂ ಇರುತ್ತದೆ ಎಂದು ಮಾತು ಕೊಡಲಾರೆ.

ನಮ್ಮ ಅಶೋಕ್ ಲೇಲ್ಯಾಂಡ್‌ಗೂ ಈ ಲೇಲ್ಯಾಂಡ್‌ಗೂ ಏನು ಸಂಬಂಧ?

ನೇರ ಸಂಬಂಧ. 1948ರಲ್ಲಿ ರಘುನಂದನ್ ಸರಣ್ ಎಂಬುವರು ಅಶೋಕ್ ಮೋಟಾರ್ಸ್ ಶುರು ಮಾಡಿದರು. ಅಶೋಕ್ ಅವರ ಮಗನ ಹೆಸರು. ಮೊದಲು ಮದ್ರಾಸಿನ ಪಕ್ಕದ ಎಣ್ಣೂರಿನಲ್ಲಿ ಆಸ್ಟಿನ್ ಕಾರು ಜೋಡಿಸುತ್ತಿದ್ದರು. 1950ರಲ್ಲಿ ಇಂಗ್ಲೆಂಡ್‌ನ ಲೇಲ್ಯಾಂಡ್ ಜೊತೆ ಒಪ್ಪಂದ ಆಯಿತು, ಕಾಮೆಟ್ ಲಾರಿ ಬಂತು. 1955ರಲ್ಲಿ ಕಂಪನಿಯ ಹೆಸರು ಅಶೋಕ್ ಲೇಲ್ಯಾಂಡ್ ಆಯಿತು. ಹಿಪ್ಪೊ, ಬೀವರ್, ಟೈಟನ್ ಎಂಬ ಹೆಸರುಗಳೂ ಹಾಗೇ ಹಡಗು ಹತ್ತಿ ಬಂದವು.

ಕಾಮೆಟ್ ಇಂಗ್ಲೆಂಡ್‌ನಲ್ಲಿ ಹೊರಬಂದದ್ದು 1947ರಲ್ಲಿ. ಮೂತಿ ಮುಂದಕ್ಕೆ ಚಾಚಿದ ಲಾರಿ, ಹೊರದೇಶಗಳಿಗೆ ಕಳಿಸುವುದನ್ನೂ ಮನಸ್ಸಿನಲ್ಲಿಟ್ಟು ಮಾಡಿದ್ದು. ಬ್ರೈಟನ್‌ನಲ್ಲಿ ಕಾಮೆಟ್ ಕಂಡರೆ ಹತ್ತಿರ ಹೋಗಿ. ಕ್ಯಾಬಿನ್ ಮಾತ್ರ ನೀವು ನೆನೆಸಿಕೊಂಡ ಹಾಗಿರುವುದಿಲ್ಲ. ಇಲ್ಲಿ ಕಾರ್ಖಾನೆಯ ತಗಡಿನ ಕ್ಯಾಬಿನ್. ನಮ್ಮಲ್ಲಿ ಚಾಸಿ ಕೊಂಡು ತಂದು, ಶೆಡ್ಡಿನಲ್ಲಿ ಮರದ ಕ್ಯಾಬಿನ್ನೂ ಬಾಡಿಯೂ ಕಟ್ಟಿಸುವುದು ವಾಡಿಕೆ. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು ಆ ಕೆಲಸಕ್ಕೇ ಹೆಸರಾದ ಊರುಗಳು.

ತಮಾಷೆ ಅಂದರೆ, ಇಂಗ್ಲೆಂಡ್‌ನಲ್ಲಿ ಈಗ ಹೊಸ ಲಾರಿಯ ಮುಂದೆ ಲೇಲ್ಯಾಂಡ್ ಹೆಸರು ಕಾಣುವುದಿಲ್ಲ. ಲೇಲ್ಯಾಂಡ್ ಊರಿನ ಕಾರ್ಖಾನೆಯಲ್ಲಿ ಡಾಫ್ ಲಾರಿ ತಯಾರಾಗುತ್ತವೆ. ಆ ಹೆಸರು ದಿನಾ ಓಡಾಡುತ್ತಿರುವುದು ನಮ್ಮ ರಸ್ತೆಗಳಲ್ಲಿ.

ಟಾಟಾ ಬಗ್ಗೆಯೂ ಕೇಳುತ್ತಾರೆ. ಅದರ ಬೇರು ಜರ್ಮನಿಯಲ್ಲಿದೆ. 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ಮಾಡಿದರು. ಬ್ರೈಟನ್‌ನಲ್ಲಿ ಅದರ ನೆಂಟರನ್ನು ಹುಡುಕಬೇಡಿ.

ಇಷ್ಟು ಹೊಳೆಯುವ ಲಾರಿ ನಿಜವಾಗಿ ಹಳೆಯದೇನಾ?

ಸರಿಯಾದ ಪ್ರಶ್ನೆ. ಹೆಚ್ಚಿನವು ನಿಜವಾಗಿ ಹಳೆಯವೇ, ಆದರೆ ಎಷ್ಟು ಹಳೆಯವು ಎಂಬುದರಲ್ಲಿ ಮೆಟ್ಟಿಲುಗಳಿವೆ. ಕಾರನ್ನು ಶೆಡ್ಡಿನಲ್ಲಿ ಮುಚ್ಚಿ ಇಡುತ್ತಾರೆ, ಲಾರಿಯನ್ನು ಯಾರೂ ಇಡುವುದಿಲ್ಲ. ಮೂಳೆ ಸವೆಯುವವರೆಗೆ ದುಡಿಸಿ ಗುಜರಿಗೆ ಹಾಕುತ್ತಾರೆ. ಮೊದಲ ಮಹಾಯುದ್ಧದ ಕಾಲದ ಲಾರಿ ಇವತ್ತು ಓಡುತ್ತಿದೆ ಅಂದರೆ ಸಾಮಾನ್ಯವಾಗಿ ಎಲ್ಲೋ ಒಂದು ಚಾಸಿ, ಇನ್ನೆಲ್ಲೋ ಒಂದು ಎಂಜಿನ್ ಸಿಕ್ಕಿರುತ್ತದೆ. ಕೆಲವಂತೂ ಆಸ್ಟ್ರೇಲಿಯಾದ ಹೊಲಗಳಿಂದ ವಾಪಸು ಬಂದಿವೆ.

ಲೇಲ್ಯಾಂಡ್‌ನವರು ಆ ಯುದ್ಧಕ್ಕೆ ಸುಮಾರು 6000 ಲಾರಿ ಕೊಟ್ಟಿದ್ದರು. ಯುದ್ಧ ಮುಗಿದ ಮೇಲೆ ಸರ್ಕಾರ ಅವನ್ನು ಮಾರಲು ಹೊರಟಿತು. ಕೆಟ್ಟ ಸ್ಥಿತಿಯ ಲಾರಿಗಳು ಕಂಡಕಂಡವರ ಕೈಗೆ ಹೋದರೆ ನಮ್ಮ ಹೆಸರು ಹಾಳಾಗುತ್ತದೆ ಅಂತ ಕಂಪನಿಯೇ ಎಷ್ಟೋ ಲಾರಿಗಳನ್ನು ಕೊಂಡು, ಬಿಚ್ಚಿ, ಹೊಸದರಂತೆ ಕಟ್ಟಿ ಗ್ಯಾರಂಟಿ ಕೊಟ್ಟು ಮಾರಿತು. ಅಂದರೆ ರೆಸ್ಟೋರೇಶನ್ ಕೆಲಸ ಅವತ್ತೇ ಶುರುವಾಗಿತ್ತು!

ಹಳೇ ಕ್ಯಾಬಿನ್‌ಗಳ ಒಳಗೆ ಆಶ್ ಮರದ ಚೌಕಟ್ಟು ಇರುತ್ತದೆ, ಮೇಲೆ ತಗಡು. ಮಳೆ ನೀರು ಒಳಗೆ ಇಳಿದು ಮರ ಕೊಳೆಯುತ್ತದೆ. ಹೊರಗಿಂದ ಗಟ್ಟಿ ಕಾಣುವ ಬಾಗಿಲನ್ನು ಎಳೆದರೆ ಕೈಗೇ ಬರುತ್ತದೆ. ಒಳ್ಳೆ ಕೆಲಸಗಾರ ಎಲ್ಲವನ್ನೂ ಕಿತ್ತು ಹಾಕುವುದಿಲ್ಲ. ಕೊಳೆತ ತುಂಡನ್ನು ಮಾತ್ರ ಕತ್ತರಿಸಿ ಹೊಸ ಮರ ಕೂರಿಸುತ್ತಾನೆ. ಬಾಗಿಲು ತೆಗೆದಿದ್ದರೆ ಒಳಗಿನ ಅಂಚಿನಲ್ಲಿ ಹಳೆ ಮರ, ಹೊಸ ಮರ ಕೂಡುವ ಜಾಗ ಕಾಣಬಹುದು.

ನನ್ನ ಮಟ್ಟಿಗೆ ಹೇಳಬೇಕೆಂದರೆ, ಅತಿಯಾಗಿ ಹೊಳೆಯುವ ಲಾರಿ ನನಗೆ ಹಿಡಿಸುವುದಿಲ್ಲ. ಕಲ್ಲಿದ್ದಲು ಸಾಗಿಸಿದ ಲಾರಿಯ ಬಾಡಿಗೆ ಕನ್ನಡಿಯಂಥ ವಾರ್ನಿಶ್ ಯಾಕೆ? ಪೇಂಟು ಮಾಸಿ, ಬಾಗಿಲ ಹಿಡಿಯ ಸುತ್ತ ಕೈ ತಾಗಿ ತಾಗಿ ತಗಡು ಕಾಣುತ್ತಿರುವ, ಕ್ಲಚ್ ಪೆಡಲಿನ ಒಂದು ಬದಿ ಸವೆದಿರುವ ಲಾರಿ ಎದುರು ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಇದನ್ನು ಒಪ್ಪದ ಮಾಲೀಕರು ಅಲ್ಲಿ ಬಹಳ ಜನ ಸಿಗುತ್ತಾರೆ. ಪಾಲಿಶ್ ಬಟ್ಟೆ ಕೈಯಲ್ಲೇ ಇರುತ್ತದೆ, ಗುರುತು ಹಿಡಿಯುವುದು ಸುಲಭ.

ಮಾಲೀಕರ ಹತ್ತಿರ ಮಾತಾಡಬಹುದಾ? ನನಗೆ ಸಂಕೋಚ.

ಸಂಕೋಚ ಬೇಡ. ಮಡಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನಿಂದ ಚಹಾ ಕುಡಿಯುತ್ತಾ ಕೂತಿರುತ್ತಾರೆ. ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ. ಬೆಲೆ ಎಷ್ಟು ಎಂದು ಮಾತ್ರ ಮೊದಲ ಪ್ರಶ್ನೆ ಬೇಡ. ಇದು ಯಾವ ಲೋಡು ಹೊಡೆಯುತ್ತಿತ್ತು, ಎಲ್ಲಿ ಸಿಕ್ಕಿತು, ಯಾವ ಭಾಗ ಸಿಗುವುದು ಕಷ್ಟವಾಯಿತು ಎಂದು ಕೇಳಿ. ಮೂರನೇ ಪ್ರಶ್ನೆಗೆ ಅರ್ಧ ಗಂಟೆ ಮೀಸಲಿಡಿ. ನಿಮ್ಮ ತಾತನೋ ಮಾವನೋ ಲಾರಿ ಓಡಿಸಿದ್ದರೆ ಅದನ್ನು ಹೇಳಿ, ಮಾತು ಬೇರೆಯೇ ಆಗಿಬಿಡುತ್ತದೆ. ಎಷ್ಟೋ ಜನರಿಗೆ ಅದು ಅಪ್ಪ ಓಡಿಸಿದ ಲಾರಿಯೇ ಆಗಿರುತ್ತದೆ, ಅಥವಾ ಅದೇ ಮಾದರಿಯದು.

ಮುಟ್ಟಬಹುದಾ? ಹತ್ತಬಹುದಾ?

ಕೇಳಿ ಹತ್ತಿ. ಬೆನ್ನಿನ ಚೀಲ ಇಳಿಸಿ. ಬೆಲ್ಟಿನ ಬಕಲ್, ಜಾಕೆಟ್ಟಿನ ಜಿಪ್ಪು ಪೇಂಟಿಗೆ ತಾಗಿದರೆ ಗೀರು ಬೀಳುತ್ತದೆ. ಉಗಿ ಲಾರಿಯನ್ನಂತೂ ಎಲ್ಲೂ ಮುಟ್ಟಬೇಡಿ, ಎಲ್ಲಿ ಸುಡುತ್ತದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ.

ಮಕ್ಕಳಿಗೆ ಬೇಜಾರಾಗುವುದಿಲ್ವಾ?

ಮೊದಲು ಫೈರ್ ಎಂಜಿನ್ ತೋರಿಸಿ, ಗಂಟೆ ಬಾರಿಸಲು ಬಿಟ್ಟರೆ ಬಿಡಿ. ಆಮೇಲೆ ಸ್ಕ್ಯಾಮೆಲ್‌ನ ಮೂರು ಚಕ್ರದ ಮೆಕ್ಯಾನಿಕಲ್ ಹಾರ್ಸ್ ಬಂದಿದೆಯಾ ನೋಡಿ. 1930ರ ದಶಕದಲ್ಲಿ ರೈಲು ಕಂಪನಿಗಳ ಯಾರ್ಡಿನಲ್ಲಿ ಕುದುರೆಗಳ ಬದಲು ಬಂದದ್ದು. ಕುದುರೆ ತಿರುಗುವಷ್ಟೇ ಜಾಗದಲ್ಲಿ ತಿರುಗುತ್ತದೆ. ನಮ್ಮ ಆಟೋ ನೋಡಿ ಬೆಳೆದ ಮಕ್ಕಳಿಗೆ ಅದರ ಮೇಲೆ ತಕ್ಷಣ ಪ್ರೀತಿ ಬರುತ್ತದೆ. ಅದೂ ಸಾಕಾದರೆ ಪಕ್ಕದಲ್ಲೇ ವೋಕ್ಸ್ ರೈಲು ಇದೆ. 1883ರದ್ದು, ಜಗತ್ತಿನಲ್ಲಿ ಇನ್ನೂ ಓಡುತ್ತಿರುವ ಎಲೆಕ್ಟ್ರಿಕ್ ರೈಲುಗಳಲ್ಲಿ ಎಲ್ಲಕ್ಕಿಂತ ಹಳೆಯದು.

ಊಟ?

ಬ್ರೈಟನ್‌ನಲ್ಲಿ ಸಸ್ಯಾಹಾರಿಗಳಿಗೆ ಕಷ್ಟವಿಲ್ಲ. ಚಿತ್ರಾನ್ನ ಕಟ್ಟಿಕೊಂಡು ಹೋದರೂ ಆಯಿತು. ಆದರೆ ತೀರದಲ್ಲಿ ಡಬ್ಬಿ ತೆರೆಯುವಾಗ ಮೇಲೆ ನೋಡಿ. ಅಲ್ಲಿನ ಸೀಗಲ್‌ಗಳು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ.

ಇವರಿಗೆಲ್ಲ ಎಫ್‌ಸಿ, ತೆರಿಗೆ, ಲೈಸೆನ್ಸ್ ತಾಪತ್ರಯ ಇಲ್ವಾ?

ಇಲ್ಲಿನ ಕಾನೂನು ಹಳೇ ಗಾಡಿಗಳಿಗೆ ಸ್ವಲ್ಪ ಉದಾರಿ. 40 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ಗಾಡಿಗೆ ರಸ್ತೆ ತೆರಿಗೆ ಮಾಫಿ. 1960ಕ್ಕಿಂತ ಮುಂಚಿನ ಲಾರಿಯನ್ನು ಖಾಲಿಯಾಗಿ ಓಡಿಸುವುದಾದರೆ ವರ್ಷಕ್ಕೊಮ್ಮೆಯ ಪರೀಕ್ಷೆಯೂ ಬೇಡ, ಭಾರಿ ವಾಹನದ ಲೈಸೆನ್ಸೂ ಬೇಡ, ಕಾರಿನ ಲೈಸೆನ್ಸ್ ಸಾಕು. ಬಾಡಿ ಮೇಲೆ ಪೀಪಾಯಿ, ಮೂಟೆ ಕಂಡರೆ ಅವು ಹೆಚ್ಚಾಗಿ ಒಳಗೆ ಪೊಳ್ಳು. ಲೋಡು ಇದ್ದ ಹಾಗೆ ಕಾಣಬೇಕು, ಇರಬಾರದು!

ಭಾರತದಲ್ಲಿ ಹೀಗೆ ಹಳೇ ಲಾರಿ ಇಟ್ಟುಕೊಳ್ಳಬಹುದಾ?

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂದು ಇರುತ್ತದೆ. ದಿನದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿಗೆ ಒಯ್ಯಬಹುದು. ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಕಾರು, ಬೈಕು ಎಂದು ಓದಿದರೇ ಗೊತ್ತಾಗುತ್ತದೆ. ಲಾರಿ ಇಟ್ಟುಕೊಳ್ಳುವ ಆಸೆ ಇದ್ದರೆ ಕೊಳ್ಳುವ ಮುಂಚೆಯೇ ಆರ್‌ಟಿಒದಲ್ಲಿ ವಿಚಾರಿಸಿ.

ಊರಲ್ಲಿ ಹಳೇ ವಾಹನ ನೋಡಬೇಕು ಅಂದರೆ ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಬಳಿಯ ಪಯಣ ಮ್ಯೂಸಿಯಂ ಇವೆ. ಅಲ್ಲಿ ಕಾರಿನದೇ ದರ್ಬಾರು. ನಮ್ಮ ಕಾಮೆಟ್, ಬೆಡ್‌ಫೋರ್ಡ್‌ಗಳಿಗೂ ಯಾರಾದರೂ ಒಂದು ಶೆಡ್ಡು ಕಟ್ಟಬಾರದಾ ಅನಿಸುತ್ತದೆ.

ಮೇ ಭಾನುವಾರ ತಪ್ಪಿಹೋಯಿತು. ಬೇರೆ ಎಲ್ಲಿ?

ಲ್ಯಾಂಕಷರ್‌ನ ಲೇಲ್ಯಾಂಡ್ ಊರಿನಲ್ಲಿ ಬ್ರಿಟಿಷ್ ಕಮರ್ಷಿಯಲ್ ವೆಹಿಕಲ್ ಮ್ಯೂಸಿಯಂ ಇದೆ. ಮ್ಯಾಂಚೆಸ್ಟರ್ ಕಡೆ ಇರುವವರಿಗೆ ಹತ್ತಿರ. ಬೇಸಿಂಗ್‌ಸ್ಟೋಕ್‌ನ ಮೈಲ್‌ಸ್ಟೋನ್ಸ್ ಮ್ಯೂಸಿಯಂನಲ್ಲಿ ಥಾರ್ನಿಕ್ರಾಫ್ಟ್ ಗಾಡಿಗಳಿವೆ. ಮಳೆಗಾಲಕ್ಕೆ ಎರಡೂ ಒಳ್ಳೆಯವು, ಅಂದರೆ ಇಲ್ಲಿ ವರ್ಷಪೂರ್ತಿ.

ನಾನು ಅಮೆರಿಕದಲ್ಲಿದ್ದೇನೆ.

ಹಾಗಾದರೆ ಅಯೋವಾದ ವಾಲ್ಕಾಟ್‌ಗೆ ಹೋಗಿ. ಅಲ್ಲಿ ದೊಡ್ಡ ಟ್ರಕ್ ಸ್ಟಾಪ್ ಪಕ್ಕ ಅಯೋವಾ 80 ಟ್ರಕಿಂಗ್ ಮ್ಯೂಸಿಯಂ ಇದೆ, ಜುಲೈನಲ್ಲಿ ಜಾತ್ರೆಯೂ ನಡೆಯುತ್ತದೆ. ಮ್ಯಾಕ್ ಲಾರಿ ಕಂಡರೆ ಮೂತಿಯ ಮೇಲಿನ ಬುಲ್‌ಡಾಗ್ ನೋಡಿ. ಮೊದಲ ಮಹಾಯುದ್ಧದಲ್ಲಿ ಮ್ಯಾಕ್‌ಗೆ ಆ ಅಡ್ಡಹೆಸರು ಇಟ್ಟವರು ಬ್ರಿಟಿಷ್ ಸೈನಿಕರು. ಮೂತಿಯ ಮೇಲಿನ ಗೊಂಬೆಯನ್ನು 1932ರಲ್ಲಿ ಕೆತ್ತಿದ್ದು ಕಂಪನಿಯ ಮುಖ್ಯ ಎಂಜಿನಿಯರ್ ಆಲ್ಫ್ರೆಡ್ ಮಸುರಿ. ಆಪರೇಶನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊತ್ತು ಹೋಗದೆ ಕೆತ್ತಿದ್ದಂತೆ. ಚಿನ್ನದ ಬಣ್ಣದ ನಾಯಿ ಇದ್ದರೆ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಮ್ಯಾಕ್‌ನದೇ. ಬೆಳ್ಳಿ ಬಣ್ಣದ್ದಾದರೆ ಒಳಗೆ ಬೇರೆಯವರ ಸಾಮಾನೂ ಇದೆ ಅಂತ ಅರ್ಥ.